ಚೌಕಟ್ಟಿನ ಹೊರಗೆ ನಿಂತ ಜೀಪುಗಳು

ಮಾನ್ಯರೆ,

‘ಹಸಿರು ದ್ವೀಪದ ಸೊಬಗು’ ಎಂಬ ನಿಮ್ಮ ಶ್ರೀಲಂಕಾ ಚಿತ್ರಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ‘ಸ್ಥಳಾವಕಾಶದ ಕೊರತೆಯಿಂದ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನೀವು ಕಳುಹಿಸಿದ ನಲವತ್ತು ಚಿತ್ರಗಳಲ್ಲಿ ಮೂರು ನಾಲ್ಕು ನನ್ನನ್ನು ಹಿಡಿದು ಕೂರಿಸಿದವು. ಈ ಪತ್ರ ಉದ್ದವಾಗಿದ್ದರೆ ಅದಕ್ಕೆ ಅವೇ ಕಾರಣ. ‘ಮುಲಾಜಿಲ್ಲದೆ ತಿಳಿಸಿ’ ಎಂದು ನೀವೇ ಕೇಳಿಕೊಂಡಿದ್ದೀರಿ, ಹಾಗೆಯೇ ಬರೆಯುತ್ತಿದ್ದೇನೆ.

ನಿಮ್ಮ ಬರಹದ ಮೂಲ ತೊಂದರೆ ಒಂದೇ. ಚಿತ್ರದಲ್ಲಿ ಓದುಗನಿಗೆ ಹೇಗೂ ಕಾಣುವುದನ್ನೇ ನೀವು ವಿಶೇಷಣ ಹಚ್ಚಿ ಮತ್ತೊಮ್ಮೆ ಹೇಳುತ್ತೀರಿ. ಕಾಣದೆ ಉಳಿದದ್ದರ ಬಗ್ಗೆ ಚಕಾರವಿಲ್ಲ. ಸೂರ್ಯಾಸ್ತ ಕೆಂಪಾಗಿತ್ತು, ಕಡಲು ನೀಲಿಯಾಗಿತ್ತು, ಮಕ್ಕಳು ಮುಗ್ಧವಾಗಿ ನಗುತ್ತಿದ್ದರು. ಸರಿ, ಅದನ್ನು ಕ್ಯಾಮೆರಾ ಆಗಲೇ ಹೇಳಿದೆ.

ಯಾಲ ರಾಷ್ಟ್ರೀಯ ಉದ್ಯಾನದ ಚಿರತೆಯನ್ನೇ ನೋಡಿ. ಲೇಖನದ ಮೊದಲ ಚಿತ್ರವಾಗಲಿ ಎಂದು ನೀವು ಆರಿಸಿದ್ದು ಅದನ್ನು. ‘ಬಂಡೆಯ ಮೇಲೆ ರಾಜಗಾಂಭೀರ್ಯದಿಂದ ಪವಡಿಸಿದ ಚಿರತೆ, ಕಾನನದ ಮೌನದಲ್ಲಿ ನಾನು ಮತ್ತು ಅದು ಮಾತ್ರ’ ಎಂಬುದು ಅದರ ಅಡಿಬರಹ. ಪುಣ್ಯಕ್ಕೆ, ಕತ್ತರಿಸದ ಮೂಲ ಚಿತ್ರವನ್ನೂ ಜೊತೆಗಿಟ್ಟಿದ್ದೀರಿ. ಅದರ ಎಡ ಅಂಚಿನಲ್ಲಿ ಧೂಳು ಮೆತ್ತಿದ ಒಂದು ಜೀಪಿನ ಬಾನೆಟ್ಟು, ಅದರಾಚೆ ಇನ್ನೆರಡು ಜೀಪುಗಳ ಛಾವಣಿ, ಸೀಟಿನ ಮೇಲೆ ಹತ್ತಿ ನಿಂತವರ ಕೈಯಲ್ಲಿ ಉದ್ದುದ್ದ ಲೆನ್ಸುಗಳು. ಒಬ್ಬ ಚಾಲಕ ಕಿವಿಗೆ ಮೊಬೈಲ್ ಒತ್ತಿಕೊಂಡಿದ್ದಾನೆ. ಅವನು ಹೆಂಡತಿಗೆ ಕರೆ ಮಾಡುತ್ತಿರಲಿಲ್ಲ ಎಂಬುದು ಯಾಲದ ಮೊದಲನೆಯ ಬ್ಲಾಕಿಗೆ ಹೋಗಿಬಂದ ಎಲ್ಲರಿಗೂ ಗೊತ್ತು. ಒಂದು ಚಿರತೆ ಕಂಡರೆ ಸಾಕು, ಸುದ್ದಿ ಚಾಲಕರಿಂದ ಚಾಲಕರಿಗೆ ಹಾರಿ ನೋಡನೋಡುತ್ತಿದ್ದಂತೆ ದಾರಿ ಕಟ್ಟಿಕೊಳ್ಳುತ್ತದೆ. ಕಾನನದ ಮೌನ ಎಲ್ಲಿಂದ ಬಂತು? ನೀವು ಕತ್ತರಿಸಿ ಎಸೆದ ಆ ಎಡ ಅಂಚಿನಲ್ಲಿಯೇ ನಿಮ್ಮ ಲೇಖನವಿತ್ತು. ಜೀಪುಗಳಿರುವ ಚಿತ್ರವನ್ನು ನಾನು ಸಂತೋಷದಿಂದ ಅಚ್ಚು ಹಾಕುತ್ತೇನೆ.

ಆ ಚಿರತೆ ಅಷ್ಟು ಜನರ ಎದುರು, ಹಾಡಹಗಲೇ, ಬಯಲಿನ ಬಂಡೆಯ ಮೇಲೆ ಏಕೆ ನಿಶ್ಚಿಂತೆಯಿಂದ ಮಲಗಿತ್ತು ಎಂದು ನಿಮಗೆ ಕುತೂಹಲ ಹುಟ್ಟಲಿಲ್ಲವೇ? ಕನ್ನಡದ ಓದುಗ ಕಬಿನಿಯ ಚಿರತೆಗಳನ್ನು ಕಂಡವನು. ಅಲ್ಲಿಯ ಹೆಸರಾಂತ ಚಿತ್ರಗಳಲ್ಲಿ ಅದು ಮರದ ಕೊಂಬೆಯ ಮೇಲಿರುತ್ತದೆ. ಹುಲಿಯಿರುವ ಕಾಡಿನಲ್ಲಿ ಚಿರತೆ ಜೀವ ಕೈಯಲ್ಲಿ ಹಿಡಿದು ಬದುಕಬೇಕು. ಲಂಕೆಯಲ್ಲಿ ಹುಲಿಯಿಲ್ಲ, ಸಿಂಹ ಇರುವುದು ರಾಷ್ಟ್ರಧ್ವಜದಲ್ಲಿ ಮಾತ್ರ. ಅಲ್ಲಿಯ ನೆಲದ ಮೇಲೆ ಚಿರತೆಯನ್ನು ಮೀರಿಸುವ ಬೇಟೆಗಾರ ಪ್ರಾಣಿ ಇಲ್ಲ. ಈ ಎರಡು ಸಾಲು ಸೇರಿಸಿದ್ದರೆ ‘ರಾಜಗಾಂಭೀರ್ಯ’ಕ್ಕೆ ಅರ್ಥ ಬರುತ್ತಿತ್ತು.

ಮಿನ್ನೇರಿಯದ ಆನೆಗಳ ಚಿತ್ರ ಚೆನ್ನಾಗಿದೆ, ಬರಹ ದಾರಿ ತಪ್ಪಿಸುತ್ತದೆ. ‘ಆಗಸ್ಟಿನ ಮಳೆಯಲ್ಲಿ ಇಡೀ ದ್ವೀಪವೇ ಮಿಂದಿತ್ತು’ ಎಂದು ಆರಂಭದಲ್ಲಿ ಬರೆದು, ಎರಡು ಪುಟ ದಾಟಿದ ಮೇಲೆ ಬತ್ತಿದ ಕೆರೆಯಂಗಳದಲ್ಲಿ ನೂರಾರು ಆನೆಗಳನ್ನು ತೋರಿಸುತ್ತೀರಿ. ಓದುಗ ತಲೆ ಕೆರೆದುಕೊಳ್ಳುತ್ತಾನೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗಿನ ನೈರುತ್ಯ ಮಾರುತ ಅಲ್ಲಿ ನೈರುತ್ಯ ಕರಾವಳಿಯನ್ನೂ ಬೆಟ್ಟಗಳ ಪಶ್ಚಿಮದ ಇಳಿಜಾರನ್ನೂ ತೋಯಿಸುತ್ತದೆ. ಬೆಟ್ಟದಾಚೆಯ ಉತ್ತರ ಮತ್ತು ಪೂರ್ವದ ಸೀಮೆ ಆಗ ಒಣಗಿರುತ್ತದೆ, ಅದರ ಮಳೆ ವರ್ಷದ ಕೊನೆಗೆ ಬರುತ್ತದೆ. ಹೀಗೆ ಒಣಗುವ ನೆಲವಾದ್ದರಿಂದಲೇ ರಾಜ ಮಹಾಸೇನ ಸುಮಾರು 1,700 ವರ್ಷಗಳ ಹಿಂದೆ ಅಲ್ಲಿ ಕೆರೆ ಕಟ್ಟಿಸಿದ. ಆಗಸ್ಟ್, ಸೆಪ್ಟೆಂಬರಿನಲ್ಲಿ ನೀರು ಇಳಿದಂತೆ ಕೆರೆಯಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ಸುತ್ತಲ ಕಾಡಿನ ಆನೆಗಳು ಬರುತ್ತವೆ. ನೀವು ‘ಪ್ರಕೃತಿಯ ವಿಸ್ಮಯ’ ಎಂದದ್ದು ರಾಜನೊಬ್ಬನ ನೀರಾವರಿ ಯೋಜನೆಯ ಅಂಗಳದಲ್ಲಿ ನಡೆಯುವ ಮೇವು. ಈಚಿನ ವರ್ಷಗಳಲ್ಲಿ ಮೊರಗಹಕಂದ ಅಣೆಕಟ್ಟೆಯ ನೀರು ಹರಿದುಬಂದು ಕೆರೆ ಮೊದಲಿನಂತೆ ಇಳಿಯುವುದಿಲ್ಲ, ಹುಲ್ಲುಗಾವಲು ಮುಳುಗಿಯೇ ಇರುತ್ತದೆ ಎಂಬ ದೂರೂ ಇದೆ. ರೈತನಿಗೆ ನೀರು ಬೇಕು, ಆನೆಗೆ ಹುಲ್ಲು ಬೇಕು. ಆ ದ್ವೀಪದಲ್ಲಿ ಈಗ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಆನೆಗಳು ಸಾಯುತ್ತಿವೆ: ಗುಂಡೇಟು, ವಿದ್ಯುತ್ ತಂತಿ, ರೈಲು, ಮತ್ತೆ ತಿನಿಸಿನೊಳಗೆ ಸಿಡಿಮದ್ದು ಹುದುಗಿಸಿಡುವ ‘ಹಕ್ಕ ಪಟಾಸ್’. ಸಕಲೇಶಪುರದ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಹದಿನೇಳನೆಯ ಚಿತ್ರದ ಹಿನ್ನೆಲೆಯಲ್ಲಿ ವಿದ್ಯುತ್ ಬೇಲಿಯ ಕಂಬವೊಂದು ಮಸುಕಾಗಿ ನಿಂತಿದೆ. ಅದರ ಬಗ್ಗೆ ಒಂದಕ್ಷರವಿಲ್ಲ.

ಮಿರಿಸ್ಸದಲ್ಲಿ ನೀಲಿ ತಿಮಿಂಗಿಲ ಕಾಣದಿದ್ದಕ್ಕೆ ಅದೃಷ್ಟವನ್ನು ಹಳಿದಿದ್ದೀರಿ. ಅದೃಷ್ಟದ ತಪ್ಪಿಲ್ಲ. ಆ ಕರಾವಳಿಯಲ್ಲಿ ಅದರ ಕಾಲ ಡಿಸೆಂಬರಿನಿಂದ ಏಪ್ರಿಲ್. ಈ ಭಾಗವನ್ನು ತೆಗೆದುಬಿಡಿ.

ಈಗ ಕೊಗ್ಗಲದಲ್ಲಿ ಗಳುವಿನ, ಅಂದರೆ ಕಂಬದ, ಮೇಲೆ ಕುಳಿತು ಗಾಳ ಹಾಕುವ ಮೀನುಗಾರರು. ಕಡಲಿನಲ್ಲಿ ನೆಟ್ಟ ಗಳು, ಅದಕ್ಕೆ ಅಡ್ಡಲಾಗಿ ಕಟ್ಟಿದ ‘ಪೆಟ್ಟ’ ಎಂಬ ಕೋಲು, ಅದರ ಮೇಲೆ ಕುಳಿತವನ ಕೈಯಲ್ಲಿ ಗಾಳ, ಹಿಂದೆ ಇಳಿಯುವ ಸೂರ್ಯ. 1995ರಲ್ಲಿ ವೆಲಿಗಾಮದಲ್ಲಿ ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮ್ಯಾಕರಿ ತೆಗೆದ ಇಂಥದೇ ಚಿತ್ರ ಜಗತ್ತೆಲ್ಲ ಸುತ್ತಿದ ಮೇಲೆ, ಲಂಕೆಗೆ ಹೋದ ಪ್ರತಿಯೊಬ್ಬ ಛಾಯಾಗ್ರಾಹಕನ ಚೀಲದಲ್ಲೂ ಇದರ ಒಂದು ಪ್ರತಿ ಇರುತ್ತದೆ. ‘ಶತಶತಮಾನಗಳ ಪರಂಪರೆ’ ಎಂದಿದ್ದೀರಿ. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಶುರುವಾದ ಪದ್ಧತಿ ಇದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. 2004ರ ಸುನಾಮಿಯ ನಂತರ ಅನೇಕರು ಇದನ್ನು ಬಿಟ್ಟರು. ಈಗ ಅಲ್ಲಿ ಗಳುವಿನ ಮೇಲೆ ಕೂರುವ ಬಹುತೇಕರ ಗಳಿಕೆ ಮೀನಿನಿಂದಲ್ಲ, ಪ್ರವಾಸಿಗರು ಕೊಡುವ ದುಡ್ಡಿನಿಂದ. ನೀವೂ ಕೊಟ್ಟಿದ್ದೀರಿ ಎಂದು ನನ್ನ ಊಹೆ. ಕೊಟ್ಟದ್ದು ತಪ್ಪಲ್ಲ, ಅವರ ಪಾಲಿಗೆ ಅದು ಮೀನು ಹಿಡಿಯುವಷ್ಟೇ ಮರ್ಯಾದೆಯ ದುಡಿಮೆ. ಕೊಟ್ಟದ್ದನ್ನು ಮುಚ್ಚಿಟ್ಟು ‘ಕಡಲನ್ನೇ ನಂಬಿದ ಜೀವ’ ಎಂದು ಅಡಿಬರಹ ಹಾಕಿದರೆ ಮಾತ್ರ ಅದು ಸುಳ್ಳಾಗುತ್ತದೆ. ಎಷ್ಟು ಕೇಳಿದ, ಎಷ್ಟಕ್ಕೆ ಒಪ್ಪಿದ, ಹಣವನ್ನು ದಡದಲ್ಲಿ ನಿಂತು ಯಾರು ವಸೂಲು ಮಾಡಿದರು, ಚಿತ್ರ ಮುಗಿದ ಮೇಲೆ ಅವನು ಕೆಳಗಿಳಿದು ಏನು ಮಾಡಿದ? ಇದನ್ನು ಬರೆಯಿರಿ. ಇಲ್ಲವಾದರೆ ಚಿತ್ರ ಬಿಡಿ.

ನೆಗೊಂಬೊ ದಡದಲ್ಲಿ ನಾರಿನ ಚಾಪೆಗಳ ಮೇಲೆ ಮೀನು ಒಣಹಾಕುವ ಹೆಂಗಸರ ಚಿತ್ರ ಉಳಿಯಲಿ. ಬ್ರೆಡ್ಡಿನ ಆಟೋ ಖಂಡಿತ ಉಳಿಯಲಿ. ಹಿಂಬದಿಯ ಗಾಜಿನ ಪೆಟ್ಟಿಗೆಯಲ್ಲಿ ಬನ್ನುಗಳು, ಗೇಟಿನ ಬಳಿ ಬರಿಗಾಲಲ್ಲಿ ಓಡಿಬಂದ ಹುಡುಗಿ, ಅವಳ ಮುಷ್ಟಿಯಲ್ಲಿ ಮುದುಡಿದ ನೋಟು. ಅಡಿಬರಹ ಮಾತ್ರ ‘ಬ್ರೆಡ್ ಮಾರಾಟ’. ಅಲ್ಲ ಸ್ವಾಮಿ, ‘ಚೂನ್ ಪಾನ್’ ಎಂದು ಕರೆಯುವ ಆ ಆಟೋ ಓಣಿಗೆ ಬರುವಾಗ ಧ್ವನಿವರ್ಧಕದಲ್ಲಿ ಬೀಥೋವನ್‌ನ ‘ಫ್ಯೂರ್ ಎಲೀಸ್’ ನುಡಿಸುತ್ತಾ ಬರುತ್ತದೆ! ಹುಡುಗಿ ಓಡಿಬಂದದ್ದು ಆ ರಾಗ ಕೇಳಿ. ಚಿತ್ರಕ್ಕೆ ಕಿವಿಯಿಲ್ಲ, ನಿಮಗಿದೆ.

ಇನ್ನು ಚಹಾ ತೋಟ. ನುವರ ಎಲಿಯದ ಹತ್ತು ಹನ್ನೆರಡು ಚಿತ್ರಗಳಿವೆ, ಎಲ್ಲದರಲ್ಲೂ ಹಸಿರನ್ನು ಕಂಪ್ಯೂಟರಿನಲ್ಲಿ ಹಿಗ್ಗಾಮುಗ್ಗಾ ಏರಿಸಿದ್ದೀರಿ. ‘ಪ್ರಕೃತಿ ಮಾತೆಯ ಮಡಿಲು’ ಎಂಬುದು ಶೀರ್ಷಿಕೆ. ಆ ಬೆಟ್ಟಗಳಲ್ಲಿ ಮೊದಲಿದ್ದದ್ದು ಕಾಡು. ಬ್ರಿಟಿಷರು ಅದನ್ನು ಕಡಿದು ಕಾಫಿ ಹಾಕಿದರು. 1869ರಿಂದ ಎಲೆತುಕ್ಕು ರೋಗ ಕಾಫಿಯನ್ನು ನುಂಗುತ್ತಾ ಬಂತು. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟಿಷ್ ತೋಟಗಾರ ಲೂಲ್‌ಕಂದುರದಲ್ಲಿ 19 ಎಕರೆ ಚಹಾ ನೆಟ್ಟಿದ್ದ. ಕಾಫಿ ಸತ್ತ ಜಾಗವನ್ನೆಲ್ಲ ಚಹಾ ತುಂಬಿತು. ಈ ಹಸಿರು ಒಂದು ಕಾರ್ಖಾನೆಯ ಅಂಗಳ.

ಆ ಅಂಗಳದಲ್ಲಿ ದುಡಿಯುವವರನ್ನು ನೀವು ನೋಡಿದ್ದೀರಿ, ಮೂವತ್ತೊಂದನೆಯ ಚಿತ್ರವೇ ಅದಕ್ಕೆ ಸಾಕ್ಷಿ. ನನ್ನ ದೃಷ್ಟಿಯಲ್ಲಿ ಇಡೀ ಕಟ್ಟಿನಲ್ಲಿ ಇದೇ ಮೇಲು. ಸಂಜೆಯ ತೂಕದ ಹೊತ್ತು. ತೂಗುಹಾಕಿದ ತಕ್ಕಡಿಗೆ ಎಲೆಯ ಚೀಲ ಜೋತಿದೆ. ಪುಸ್ತಕ ಹಿಡಿದ ಗಂಡಸು ಮುಳ್ಳನ್ನು ನೋಡುತ್ತಿಲ್ಲ, ಬೇರೆಲ್ಲೋ ನೋಡುತ್ತಿದ್ದಾನೆ. ಚೀಲದ ಒಡತಿ ಮಾತ್ರ ಮುಳ್ಳಿನಿಂದ ಕಣ್ಣು ಕೀಳುತ್ತಿಲ್ಲ. ಅವಳ ಹೆಬ್ಬೆರಳು, ತೋರುಬೆರಳು ಎಲೆಯ ರಸಕ್ಕೆ ಕಪ್ಪಗಾಗಿವೆ, ಉಗುರಿನ ಬುಡದಲ್ಲಿ ಸೀಳು. ಇಂಥ ಚಿತ್ರವನ್ನು ಮೂವತ್ತೊಂದನೆಯ ಜಾಗಕ್ಕೆ ತಳ್ಳಿ, ‘ಶ್ರಮಜೀವಿ ಮಹಿಳೆ’ ಎಂದು ಬರೆದಿದ್ದೀರಿ. ನಿಗದಿತ ತೂಕ ಮುಟ್ಟದಿದ್ದರೆ ಪೂರ್ತಿ ದಿನದ ಕೂಲಿ ದಕ್ಕುವುದಿಲ್ಲ. ಆ ಕೂಲಿ 2021ರಲ್ಲಿ ದಿನಕ್ಕೆ ಸಾವಿರ ಲಂಕಾ ರೂಪಾಯಿಗೆ ಏರಲು ವರ್ಷಗಳ ಹೋರಾಟ ಬೇಕಾಯಿತು. ಅವಳು ಮುಳ್ಳನ್ನು ಏಕೆ ಹಾಗೆ ದಿಟ್ಟಿಸುತ್ತಿದ್ದಾಳೆ ಎಂಬುದಕ್ಕೆ ಉತ್ತರ ಇದು.

ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬ ಪ್ರಸಿದ್ಧ ಛಾಯಾಗ್ರಾಹಕಿ 1875ರಲ್ಲಿ ಇಂಗ್ಲೆಂಡಿನಿಂದ ಬಂದು ಲಂಕೆಯಲ್ಲಿ ನೆಲೆಸಿದಳು, 1879ರಲ್ಲಿ ಅಲ್ಲಿಯೇ ತೀರಿಕೊಂಡಳು. ಇಂಗ್ಲೆಂಡಿನಲ್ಲಿ ಅವಳು ತೆಗೆದ ಕವಿಗಳ, ವಿಜ್ಞಾನಿಗಳ ಭಾವಚಿತ್ರಗಳಿಗೆ ಹೆಸರುಗಳಿವೆ. ಲಂಕೆಯ ದುಡಿಯುವ ಜನರ ಚಿತ್ರಕ್ಕೆ ‘ಕಳುತರದ ರೈತರ ಗುಂಪು’ ಎಂಬಂಥ ತಲೆಬರಹ. ಸುಮಾರು ಒಂದೂವರೆ ಶತಮಾನದ ನಂತರ, ಪಕ್ಕದ ದೇಶದಿಂದ ಹೋದ ನೀವೂ ಹೆಸರು ಕೇಳದೆ ಬಂದಿರೇ? ಕೇಳಿ ಬರೆದುಕೊಂಡಿದ್ದರೆ, ಅವರ ಒಪ್ಪಿಗೆಯಿದ್ದರೆ, ಹೆಸರು ಹಾಕಿ. ಇಲ್ಲದಿದ್ದರೆ ಯಾವ ತೋಟ, ಯಾವ ತಿಂಗಳು, ಎಷ್ಟು ಗಂಟೆ ಎಂಬುದನ್ನಾದರೂ ಹಾಕಿ. ಶ್ರಮಜೀವಿ ಎಂದು ಹೊಗಳಿದರೆ ಅವರಿಗೆ ಏನೂ ಸಿಗುವುದಿಲ್ಲ.

‘ಅವರು ನಮ್ಮೊಡನೆ ತಮಿಳಿನಲ್ಲಿ ಮಾತನಾಡಿದರು’ ಎಂದು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅಷ್ಟು ಸುಲಭವಾಗಿ ಹೋಗಲು ನಾನು ಬಿಡುವುದಿಲ್ಲ, ಏಕೆಂದರೆ ಪತ್ರದ ತಲೆಯಲ್ಲಿ ನೀವು ಕೊಟ್ಟಿರುವ ಊರು ಸುಳ್ಯ. ಆ ಹೆಂಗಸಿನ ಹಿರಿಯರನ್ನು ಬ್ರಿಟಿಷರು ತಮಿಳು ಜಿಲ್ಲೆಗಳಿಂದ ಕೂಲಿಗೆ ಕರೆದೊಯ್ದರು. ದೇಶ ಸ್ವತಂತ್ರವಾದ 1948ರಲ್ಲಿಯೇ ಹೊಸ ಕಾನೂನು ಅವರನ್ನು ಪೌರತ್ವದಿಂದ ಹೊರಗಿಟ್ಟಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕುಳಿತು ಇವರನ್ನು ಹಂಚಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ, ಉಳಿದವರ ಲೆಕ್ಕ ಆಮೇಲೆ. ಹಾಗೆ ಭಾರತದ ಪಾಲಿಗೆ ಬಂದ ಕುಟುಂಬಗಳಲ್ಲಿ ಕೆಲವು ನಿಮ್ಮ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಿಗೆ ಬಂದವು. ಅವರ ಕಾಲನಿಗಳು ಇಂದಿಗೂ ಅಲ್ಲಿವೆ. ನುವರ ಎಲಿಯದಲ್ಲಿ ತಕ್ಕಡಿಯ ಮುಂದೆ ನಿಂತವಳ ಬಂಧುವೊಬ್ಬಳು ನಿಮ್ಮೂರಿನಲ್ಲಿ ಬೆಳಗಿನ ಜಾವ ರಬ್ಬರ್ ಹಾಲು ಇಳಿಸುತ್ತಿರಬಹುದು. ಕನ್ನಡದಲ್ಲಿ ಲಂಕೆಯ ಬಗ್ಗೆ ಬರೆಯಲು ನಿಮಗಿಂತ ಹೆಚ್ಚಿನ ಹಕ್ಕು ಯಾರಿಗಿದೆ? ಆದರೂ ಯಾರು ಬೇಕಾದರೂ ಬರೆಯಬಹುದಾದ ಲೇಖನವನ್ನು ಕಳುಹಿಸಿದ್ದೀರಿ. ನನ್ನ ಸಿಟ್ಟಿಗೆ ಕಾರಣ ಅದು.

ಕೆಲವು ಸಣ್ಣ ಮಾತುಗಳು. ಮಧ್ಯಾಹ್ನದ ಚಿತ್ರಗಳೆಲ್ಲ ಸಪ್ಪೆ. ಭೂಮಧ್ಯರೇಖೆಗೆ ಅಷ್ಟು ಹತ್ತಿರದಲ್ಲಿ ಸೂರ್ಯ ನೆತ್ತಿಗೇರಿದರೆ ಮುಖದ ಮೇಲೆ ಕಣ್ಣಿನ ಗುಳಿಯ ನೆರಳಷ್ಟೇ ಉಳಿಯುತ್ತದೆ. ಸಂಜೆಯ ಬೆಳಕೂ ಅಲ್ಲಿ ಹೆಚ್ಚು ಹೊತ್ತು ಕಾಯುವುದಿಲ್ಲ. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ನಿಮ್ಮ ಗೆಳೆಯರು ನಿಂತಿರುವ ಚಿತ್ರವನ್ನು ನಾವು ಮಾತ್ರವಲ್ಲ, ನೀವೂ ಎಲ್ಲಿಯೂ ಹಾಕಬೇಡಿ. ಅಲ್ಲಿ ಅದು ಅಪಚಾರ; 2012ರಲ್ಲಿ ವಿಗ್ರಹಕ್ಕೆ ಮುತ್ತಿಡುವಂತೆ ಚಿತ್ರ ತೆಗೆಸಿಕೊಂಡ ಫ್ರೆಂಚ್ ಪ್ರವಾಸಿಗರಿಗೆ ಗಾಲೆಯ ನ್ಯಾಯಾಲಯ ಶಿಕ್ಷೆ ವಿಧಿಸಿ ಅಮಾನತಿನಲ್ಲಿಟ್ಟಿತ್ತು. ‘ಎಲ್ಲ’ ಎಂಬ ಊರಿನ ಒಂಬತ್ತು ಕಮಾನಿನ ಸೇತುವೆ ಬೇಡ, ಅದನ್ನು ನೋಡಿ ನೋಡಿ ಸಾಕಾಗಿದೆ.

ಮತ್ತೆ ಬರೆಯುವುದಾದರೆ ತಕ್ಕಡಿಯಿಂದ ಶುರು ಮಾಡಿ. ಹತ್ತು ಹನ್ನೆರಡು ಚಿತ್ರ ಸಾಕು, ಅವುಗಳಲ್ಲಿ ಜೀಪುಗಳಿರುವ ಚಿರತೆ ಮತ್ತು ಬ್ರೆಡ್ಡಿನ ಆಟೋ ಇರಲಿ. ಅದಕ್ಕೂ ಮೊದಲು ರಬ್ಬರ್ ಕಾಲನಿಗೆ ಒಮ್ಮೆ ಹೋಗಿ. ಮೂವತ್ತೊಂದನೆಯ ಚಿತ್ರವನ್ನು ಅಲ್ಲಿಯ ಹಿರಿಯರೊಬ್ಬರ ಕೈಗೆ ಕೊಟ್ಟು, ಅವರು ಹೇಳುವುದನ್ನು ಬರೆದುಕೊಳ್ಳಿ. ಲೇಖನ ಬರಲು ಎರಡು ತಿಂಗಳಾದರೂ ಅಡ್ಡಿಯಿಲ್ಲ. ಚಿತ್ರಗಳನ್ನು ಈ ಬಾರಿ ವಾಟ್ಸ್‌ಆ್ಯಪಿನಲ್ಲಿ ಕಳುಹಿಸಬೇಡಿ, ಅದು ಹಿಂಡಿ ಕುಗ್ಗಿಸಿಬಿಡುತ್ತದೆ. ಮೂಲ ಕಡತಗಳನ್ನೇ ಇಮೇಲ್ ಮಾಡಿ, ಒಂದಂಚನ್ನೂ ಕತ್ತರಿಸದೆ.

ಇಂತಿ,
ಸಂಪಾದಕ