29ಕ್ಕೇ ಆಟ ಬಿಟ್ಟವನು ಸೋತವನಾ?

ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಜರ್ಮನಿಯ ಫುಟ್‌ಬಾಲ್ ಆಟಗಾರ, ವಿಂಗರ್ (ಮೈದಾನದ ಅಂಚಿನಿಂದ ದಾಳಿ ಮಾಡುವವನು) ಆಂಡ್ರೆ ಶ್ಯೂರ್ಲೆ ಬಗ್ಗೆ ನಾನು ಬರೆದ ನಾಲ್ಕು ಸಾಲು ಅವರಿಗೆ ಹಿಡಿಸಿಲ್ಲ. “29 ವರ್ಷಕ್ಕೇ ಆಟ ಬಿಟ್ಟು ಮನೆಗೆ ಹೋದವನನ್ನು ಇಷ್ಟೊಂದು ಹೊಗಳಬೇಕಾ? ನನ್ನ ಮಗನಿಗೆ 14 ವರ್ಷ. ಶಾಲೆಯ ತಂಡದಲ್ಲಿ ಎಡಗಡೆ ವಿಂಗರ್. ನಿಮ್ಮ ಪತ್ರಿಕೆಯಿಂದ ಆ ಫೋಟೊ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾನೆ. ಕಷ್ಟ ಬಂದರೆ ಬಿಟ್ಟುಬಿಡಬಹುದು ಅಂತ ಮಕ್ಕಳು ಕಲಿಯಲ್ವಾ?” ಎಂದು ಕೇಳಿದ್ದಾರೆ. ಕೊನೆಯಲ್ಲಿ ಇನ್ನೊಂದು ಸಣ್ಣ ಪ್ರಶ್ನೆ: ಹುಡುಗನದ್ದು ಬಲಗಾಲು, ಆಡಿಸುವುದು ಎಡಗಡೆ, ಇದು ಸರಿಯಾ?

ಪ್ರಿಯ ಮಿತ್ರರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಂದೆಯ ಕಳವಳ ನನಗೆ ಅರ್ಥವಾಗುತ್ತದೆ. ಇಂಥ ಆಟಗಾರನನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದು ನನ್ನ ತಪ್ಪು. ಈಗ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

2014ರ ಜುಲೈ 14ರ ನಸುಕಿನ ಹೊತ್ತು ನಿಮಗೆ ನೆನಪಿದೆಯಾ? ರಿಯೊ ಡಿ ಜನೈರೊದ ಮರಕಾನಾ ಮೈದಾನದಲ್ಲಿ ಅದಿನ್ನೂ 13ರ ಸಂಜೆ. ವಿಶ್ವಕಪ್ ಫೈನಲ್, ಜರ್ಮನಿ ಮತ್ತು ಅರ್ಜೆಂಟೀನಾ. ನಾವೆಲ್ಲ ರಾತ್ರಿ ಹನ್ನೆರಡೂವರೆಗೆ ಟಿವಿ ಮುಂದೆ ಕೂತವರು, ಹೆಚ್ಚುವರಿ ಸಮಯ ಶುರುವಾದಾಗ ಕಣ್ಣು ಉರಿಯುತ್ತಿತ್ತು. 113ನೇ ನಿಮಿಷ. ಟೋನಿ ಕ್ರೂಸ್ ಕೊಟ್ಟ ಚೆಂಡು ಹಿಡಿದು ಶ್ಯೂರ್ಲೆ ಎಡಗಡೆ ಗೆರೆಯ ಪಕ್ಕ ಓಡಿದ. ಅರ್ಜೆಂಟೀನಾದ ಇಬ್ಬರು ಅವನ ಹಿಂದೆ ಬಿದ್ದರು. ಓಡುತ್ತಲೇ ಎಡಗಾಲಿನಿಂದ ಚೆಂಡು ಎತ್ತಿ ಕೊಟ್ಟ. ಮಾರಿಯೊ ಗೋಟ್ಜೆ ಎದೆಯಲ್ಲಿ ಹಿಡಿದು, ನೆಲ ಮುಟ್ಟುವ ಮೊದಲೇ ಒದ್ದ. ಗೋಲು. ಜರ್ಮನಿಗೆ ಕಪ್.

ಎಲ್ಲರೂ ಗೋಟ್ಜೆ ಹೆಸರು ಕೂಗಿದರು. ಕೂಗಲೇಬೇಕು, ಅಷ್ಟು ಚೆಂದದ ಗೋಲು. ಆದರೆ 112 ನಿಮಿಷ ಮುಗಿದ ಮೇಲೆ, ಇಬ್ಬರನ್ನು ತನ್ನ ಕಡೆ ಎಳೆದುಕೊಂಡು, ಅಷ್ಟು ವೇಗದಲ್ಲಿ ಓಡುತ್ತಾ, ಚೆಂಡನ್ನು ಗೆಳೆಯನ ಎದೆಗೇ ತಲುಪಿಸುವುದು ಸುಮ್ನೆ ಬರುವ ವಿದ್ಯೆ ಅಲ್ಲ. ನನ್ನ ಮಟ್ಟಿಗೆ ಆ ಗೋಲಿನ ಅರ್ಧ ಶ್ಯೂರ್ಲೆಯದ್ದು.

ಅವತ್ತು ಅವನು ಮೊದಲ ಹನ್ನೊಂದರಲ್ಲಿ ಇರಲೇ ಇಲ್ಲ. ಆಟಕ್ಕೆ ಮುಂಚೆ ಸಾಮಿ ಖೆದಿರಾ ಗಾಯಗೊಂಡು, ಅವನ ಜಾಗಕ್ಕೆ ಕ್ರಿಸ್ಟೋಫ್ ಕ್ರಾಮರ್ ಬಂದ. ಕ್ರಾಮರ್‌ಗೆ ಡಿಕ್ಕಿಯಲ್ಲಿ ತಲೆಗೆ ಪೆಟ್ಟು ಬಿತ್ತು. ಪಾಪ, ಇದು ಫೈನಲ್ಲಾ ಅಂತ ರೆಫ್ರಿಯನ್ನೇ ಕೇಳುವಷ್ಟು ಮಂಕು ಕವಿದಿತ್ತು. ಆಗ, ಅರ್ಧ ಗಂಟೆ ಕಳೆದ ಮೇಲೆ, ಬೆಂಚಿನಿಂದ ಎದ್ದು ಬಂದವನು ಶ್ಯೂರ್ಲೆ. ಆ ವಿಶ್ವಕಪ್‌ನಲ್ಲಿ ಅವನು ಆಡಿದ ಆರು ಪಂದ್ಯದಲ್ಲೂ ಬದಲಿ ಆಟಗಾರ. ಒಂದರಲ್ಲೂ ಮೊದಲಿನಿಂದ ಇಳಿಸಲಿಲ್ಲ. ಆದರೂ ಮೂರು ಗೋಲು ಹೊಡೆದ. ಅಲ್ಜೀರಿಯಾ ಎದುರು 90 ನಿಮಿಷ ಗೋಲಿಲ್ಲದೆ ಒದ್ದಾಡುತ್ತಿದ್ದ ಜರ್ಮನಿಗೆ 92ನೇ ನಿಮಿಷದಲ್ಲಿ ಹಿಮ್ಮಡಿಯಿಂದ ಗೋಲು ತಂದುಕೊಟ್ಟ. ಬ್ರೆಜಿಲನ್ನು 7-1ರಿಂದ ಸೋಲಿಸಿದ ರಾತ್ರಿ ಆರನೆಯದೂ ಏಳನೆಯದೂ ಅವನದ್ದೇ. ಆ ಏಳನೆಯದು ಗೋಲುಕಂಬದ ಅಡ್ಡಪಟ್ಟಿಯ ಕೆಳಗೆ ಬಡಿದು ಒಳಗೆ ಹೋಯಿತು. ಬಿಟ್ಟುಹೋಗುವ ಸ್ವಭಾವದವನು ಅಂತ ನೀವು ಅಂದುಕೊಂಡಿರಲ್ಲ, ಅವನು ಬೆಂಚಿನ ಮೇಲೆ ಕಾಯುತ್ತಾ ಕೂತು ಇದನ್ನೆಲ್ಲ ಮಾಡಿದ.

ಅದೇ ವರ್ಷ ಏಪ್ರಿಲ್‌ನಲ್ಲಿ, ಅವನಾಗ ಆಡುತ್ತಿದ್ದ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೂ ಹೀಗೇ ಆಯಿತು. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಪ್ಯಾರಿಸ್ ತಂಡದ ಎದುರು ಏಡನ್ ಹಜಾರ್ಡ್ ಗಾಯಗೊಂಡು ಹೊರಗೆ ಹೋದ. ಒಳಗೆ ಬಂದ ಶ್ಯೂರ್ಲೆ ಮೊದಲ ಗೋಲು ಹೊಡೆದ. ಚೆಲ್ಸಿ 2-0 ಗೆದ್ದು ಸೆಮಿಫೈನಲ್‌ಗೆ ಹೋಯಿತು.

ಇನ್ನು ಹುಟ್ಟು, ಬೆಳೆದದ್ದು. 1990ರ ನವೆಂಬರ್ 6ರಂದು ಲುಡ್ವಿಗ್ಸ್‌ಹಾಫೆನ್‌ನಲ್ಲಿ ಹುಟ್ಟಿದ. ಎರಡು ಜರ್ಮನಿ ಒಂದಾಗಿ ಆಗ ಒಂದು ತಿಂಗಳಷ್ಟೇ. 2010ರ ನವೆಂಬರ್‌ನಲ್ಲಿ ಸ್ವೀಡನ್ ಎದುರು ಇಬ್ಬರು ಹುಡುಗರು ಒಟ್ಟಿಗೇ ಬದಲಿಯಾಗಿ ಇಳಿದರು. ದೇಶ ಒಂದಾದ ಮೇಲೆ ಹುಟ್ಟಿ ಜರ್ಮನಿ ತಂಡಕ್ಕೆ ಆಡಿದವರಲ್ಲಿ ಅವರೇ ಮೊದಲಿಗರು. ಒಬ್ಬ ಶ್ಯೂರ್ಲೆ, ಇನ್ನೊಬ್ಬ ಗೋಟ್ಜೆ. ನಾಲ್ಕು ವರ್ಷದ ಮೇಲೆ ಮರಕಾನಾದ ಗೋಲು ಮಾಡಿದ್ದೂ ಅದೇ ಜೋಡಿ. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವನನ್ನು ತಿದ್ದಿದ್ದು ಮೈಂಜ್ ಕ್ಲಬ್. ಅಲ್ಲಿ ಥಾಮಸ್ ಟುಖೆಲ್ ಕೋಚ್. 2009ರಲ್ಲಿ ಅವರ ಕೈಕೆಳಗೆ ಮೈಂಜ್ ಹುಡುಗರು 19 ವರ್ಷದೊಳಗಿನವರ ಜರ್ಮನ್ ಚಾಂಪಿಯನ್‌ಷಿಪ್ ಗೆದ್ದರು. 2010-11ರಲ್ಲಿ ಆ ಪುಟ್ಟ ಕ್ಲಬ್ ಜರ್ಮನಿಯ ಮೇಲಿನ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾದ ಮೊದಲ ಏಳೂ ಪಂದ್ಯ ಗೆದ್ದು ದೊಡ್ಡವರನ್ನು ಬೆಚ್ಚಿಬೀಳಿಸಿತು. ಶ್ಯೂರ್ಲೆ ಆ ಋತುವಿನಲ್ಲಿ ಲೀಗ್‌ನಲ್ಲೇ 15 ಗೋಲು ಹೊಡೆದ. ಗೋಲಾದರೆ ಸಾಕು, ತಂಡದ ಗೆಳೆಯರಾದ ಹೋಲ್ಟ್‌ಬಿ, ಸಲಾಯ್ ಜೊತೆ ಮೂಲೆಯ ಬಾವುಟದ ಹತ್ತಿರ ಓಡಿ, ಅದನ್ನೇ ಮೈಕ್ ಮಾಡಿಕೊಂಡು ರಾಕ್ ಬ್ಯಾಂಡಿನವರ ಹಾಗೆ ಕುಣಿಯುತ್ತಿದ್ದರು. ಆ ಹುಡುಗರ ಮುಖದಲ್ಲಿದ್ದ ಖುಷಿಯನ್ನು ನಿಮ್ಮ ಮಗನಿಗೆ ಒಮ್ಮೆ ತೋರಿಸಿ.

ಆಮೇಲೆ ಲೆವರ್ಕುಸೆನ್, ಚೆಲ್ಸಿ, ವೋಲ್ಫ್ಸ್‌ಬರ್ಗ್, ಡಾರ್ಟ್‌ಮಂಡ್. ಕೊನೆಯ ಎರಡು ಕ್ಲಬ್‌ಗಳು ತಲಾ ಸುಮಾರು 3 ಕೋಟಿ ಯೂರೊ ಕೊಟ್ಟು ಕೊಂಡುಕೊಂಡವು. ಎರಡೂ ಕಡೆ ಜರ್ಮನ್ ಕಪ್ ಗೆದ್ದ. ಆದರೆ ಅಷ್ಟು ದುಡ್ಡಿನ ಭಾರ ಆಟಗಾರನ ಹೆಗಲ ಮೇಲೇ ಬೀಳುತ್ತದೆ. ಒಂದೊಂದು ತಪ್ಪು ಪಾಸ್‌ಗೂ ಜನ ಬೆಲೆ ನೆನಪಿಸುತ್ತಾರೆ. ಡಾರ್ಟ್‌ಮಂಡ್‌ನಲ್ಲಿ ಗಾಯಗಳೂ ಕಾಡಿದವು. 2018ರಲ್ಲಿ ಎರವಲು ಆಟಗಾರನಾಗಿ ಲಂಡನ್ನಿನ ಫುಲಮ್ ಕ್ಲಬ್ಬಿಗೆ ಹೋದ. ನಾಲ್ಕು ವರ್ಷದ ಹಿಂದೆ ಅದೇ ಫುಲಮ್ ಎದುರು ಚೆಲ್ಸಿ ಪರವಾಗಿ ಹ್ಯಾಟ್ರಿಕ್ ಹೊಡೆದಿದ್ದವನು! ಬರ್ನ್‌ಲಿ ಎದುರು ಎರಡನೇ ನಿಮಿಷದಲ್ಲೇ ದೂರದಿಂದ ಅದ್ಭುತ ಗೋಲು ಹೊಡೆದ. ಆದರೆ ಅವನದೇ ತಂಡದವರು ಎರಡು ಸ್ವಂತ ಗೋಲು ಬಿಟ್ಟುಕೊಟ್ಟು 2-1ರಿಂದ ಸೋತರು. ಕೊನೆಗೆ ಫುಲಮ್ ಕೆಳಗಿನ ದರ್ಜೆಗೆ ಇಳಿಯಿತು. ಮುಂದಿನ ವರ್ಷ ಮಾಸ್ಕೋದ ಸ್ಪಾರ್ಟಕ್‌ಗೆ ಮತ್ತೆ ಎರವಲು.

2020ರ ಜುಲೈನಲ್ಲಿ, ಡಾರ್ಟ್‌ಮಂಡ್ ಜೊತೆ ಇನ್ನೂ ಒಂದು ವರ್ಷದ ಒಪ್ಪಂದ ಇರುವಾಗಲೇ ಅದನ್ನು ಮುಗಿಸಿಕೊಂಡು ಆಟಕ್ಕೆ ವಿದಾಯ ಹೇಳಿದ. ಡೆರ್ ಷ್ಪೀಗೆಲ್ ಪತ್ರಿಕೆಗೆ ಅವನು ಹೇಳಿದ್ದರ ಸಾರ ಇದು: ಈ ವ್ಯವಹಾರದಲ್ಲಿ ಉಳಿಯಬೇಕಾದರೆ ಸದಾ ಒಂದು ವೇಷ ಹಾಕಿಕೊಂಡೇ ಇರಬೇಕು. ಏಳ್ಗೆಯ ಕ್ಷಣಗಳು ಕಡಿಮೆಯಾದವು, ಕುಸಿತಗಳು ಆಳವಾದವು. ತನಗಿನ್ನು ಚಪ್ಪಾಳೆ ಬೇಡ.

ನೀವು ಇದನ್ನು ಕೈಚೆಲ್ಲಿದ್ದು ಅನ್ನುತ್ತೀರಿ. ನಾನು ಒಪ್ಪಲ್ಲ. ಹೆಸರಿದೆ ಅಂತ ಇನ್ನೂ ನಾಲ್ಕೈದು ವರ್ಷ ಯಾವುದೋ ಕ್ಲಬ್ಬಿನ ಬೆಂಚಿನಲ್ಲಿ ಕೂತು ಸಂಬಳ ಎಣಿಸಬಹುದಿತ್ತು. ಮನಸ್ಸು ಒಣಗಿದೆ ಅಂತ ಬಾಯಿಬಿಟ್ಟು ಹೇಳಲು ಜಾಸ್ತಿ ಧೈರ್ಯ ಬೇಕು. ಅದೂ ಗಂಡಸರು ಅಳಬಾರದು ಅನ್ನುವ ಲೋಕದಲ್ಲಿ. ಆಟ ಬಿಟ್ಟ ಮೇಲೆ ಅವನು ಮೂಲೆಗೆ ಸೇರಲಿಲ್ಲ. ದೂರದೂರ ಓಡುತ್ತಾನೆ, ಕೊರೆಯುವ ಚಳಿಯಲ್ಲಿ ಮೇಲಂಗಿ ಇಲ್ಲದೆ ಬೆಟ್ಟ ಹತ್ತಿದ್ದಾನೆ. ದೇಶಕ್ಕಾಗಿ 57 ಪಂದ್ಯ, 22 ಗೋಲು, ಒಂದು ವಿಶ್ವಕಪ್. ಇಷ್ಟಾದ ಮೇಲೆ ಅವನು ಯಾರಿಗೂ ಏನೂ ಬಾಕಿ ಉಳಿಸಿಕೊಂಡಿಲ್ಲ. ಆ ಫೋಟೊ ಗೋಡೆಯ ಮೇಲೆ ಇರಲಿ, ದಯವಿಟ್ಟು ಕೀಳಿಸಬೇಡಿ. ಮುಂದೊಂದು ದಿನ ನಿಮ್ಮ ಮಗ “ಅಪ್ಪಾ, ನನಗೆ ಇದು ಆಗ್ತಿಲ್ಲ” ಅಂತ ಬಂದರೆ, ಅವನು ಮೊದಲು ಹೇಳುವುದು ನಿಮ್ಮ ಹತ್ತಿರವೇ ಆಗಲಿ ಅಂತ ನನ್ನ ಆಸೆ.

ನಿಮ್ಮ ಎರಡನೇ ಪ್ರಶ್ನೆ. ಬಲಗಾಲಿನ ಹುಡುಗನನ್ನು ಎಡಗಡೆ ಆಡಿಸುವುದು ಸರಿಯೇ. ಶ್ಯೂರ್ಲೆಯೂ ಹಾಗೇ ಆಡಿದವನು. ಎಡಗಡೆಯಿಂದ ಒಳಕ್ಕೆ ತಿರುಗಿದರೆ ಗೋಲು ಬಲಗಾಲಿಗೆ ಎದುರಾಗಿ ಸಿಗುತ್ತದೆ. ಡಿಫೆಂಡರ್ ಅದಕ್ಕೇ ಹೆದರಿ ಒಳಗಿನ ದಾರಿ ಕಾಯುತ್ತಾನೆ. ಆಗ ಹೊರಗಿನ ದಾರಿ ತೆರೆಯುತ್ತದೆ. ಆದರೆ ಆ ದಾರಿ ಹಿಡಿದರೆ ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಕೊಡುವ ಚೆಂಡು) ಕೊಡುವುದು ಎಡಗಾಲಿನಿಂದಲೇ. ಮರಕಾನಾದಲ್ಲಿ ಅವನು ಕೊಟ್ಟದ್ದು ಎಡಗಾಲಿನಿಂದ. ಬಲಗಾಲಿನವನಾದ ಗೋಟ್ಜೆ ಒದ್ದದ್ದೂ ಎಡಗಾಲಿನಿಂದ. ದಿನಾ ಸಂಜೆ ಹುಡುಗನಿಗೆ ಬರೀ ಎಡಗಾಲಿನಲ್ಲಿ ಇಪ್ಪತ್ತು ನಿಮಿಷ ಗೋಡೆಗೆ ಚೆಂಡು ಒದೆಯಲು ಹೇಳಿ. ಮೊದಲ ತಿಂಗಳು ಚೆಂಡು ಪಕ್ಕದ ಮನೆಯ ಕಾಂಪೌಂಡಿಗೇ ಹೋಗುತ್ತದೆ, ಬೈಯಬೇಡಿ.

— ಸಂಪಾದಕ