ಸ್ಪೆಕ್ಟ್ರಮ್ ಪರದೆಯ ಪಟ್ಟಿ: ಚಿಪ್ ಕೀಳುವ ಮೊದಲು ಮೀಟರ್ ಹಿಡಿಯಿರಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಕಾಕಾ ಕುವೈತ್‌ನಾಗ ಕೆಲಸಕ್ಕಿದ್ದಾಗ, 1984ರಾಗ, ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ ತಂದಿದ್ರು. 48ಕೆ ಮೆಮೊರಿ, ರಬ್ಬರ್ ಕೀ ಇರೋದು. ನಾನು ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು ಅದರಾಗನ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನಿ ಮುಳುಗಡೆ ಆದಾಗ ಸಾಮಾನು ಕಟ್ಟಿಕೊಂಡು ನವನಗರಕ್ಕ ಬಂದ್ವಿ. ಆ ಡಬ್ಬಿ ಆಮೇಲೆ ಬಿಚ್ಚಲೇ ಇಲ್ಲ. ಈಗ ಮಗ ಹಟ ಹಿಡಿದ ಅಂತ ತೆಗೆದು ಹಚ್ಚಿದ್ರ, ಟಿವಿ ತುಂಬ ಬಣ್ಣಬಣ್ಣದ ಉದ್ದನ ಪಟ್ಟಿ ಬರ್ತಾವ, ಬೇರೆ ಏನೂ ಇಲ್ಲ. ರಿಪೇರಿಯವರು ‘ಮೆಮೊರಿ ಚಿಪ್ ಹೋಗ್ಯಾವ, ಎಂಟೂ ಬದಲಿಸಬೇಕು’ ಅಂತಾರ. ಎಂಟು ಚಿಪ್ ತರಿಸಲೇನ್ರಿ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಸದ್ಯಕ್ಕೆ ತರಿಸಬೇಡಿ. ಕಂಪ್ಯೂಟರ್‌ಗೆ ಕರೆಂಟನ್ನೂ ಕೊಡಬೇಡಿ. ಇದಕ್ಕೆ ಸ್ವಿಚ್ ಇಲ್ಲ, ಅಡಾಪ್ಟರ್ ಪಿನ್ ಕಿತ್ತರೇ ಆಫ್. ಹಾಗಾಗಿ ‘ಇನ್ನೊಮ್ಮೆ ನೋಡೋಣ’ ಎಂದು ಪಿನ್ ಚುಚ್ಚುತ್ತಲೇ ಇರುತ್ತೇವೆ. ಪ್ರತಿ ಸಲವೂ ಒಳಗಿನ ಚಿಪ್‌ಗಳಿಗೆ ಪೆಟ್ಟು ಬೀಳುತ್ತಿರಬಹುದು.

ರಿಪೇರಿಯವರು ಹೇಳಿದ್ದು ಪೂರ್ತಿ ತಪ್ಪಲ್ಲ. ಚೆನ್ನಾಗಿರುವ ಸ್ಪೆಕ್ಟ್ರಮ್ ಆನ್ ಆದೊಡನೆ ತನ್ನ ಮೆಮೊರಿಯನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಒಂದೆರಡು ಸೆಕೆಂಡ್ ಕಪ್ಪಾಗಿದ್ದು, ನಂತರ ಬಿಳಿ ಪರದೆಯ ತಳದಲ್ಲಿ ಸಿಂಕ್ಲೇರ್ ಹೆಸರಿನ 1982ರ ಸಾಲು ಬರಬೇಕು. ಬರೀ ಪಟ್ಟಿ ನಿಂತಿದೆ ಎಂದರೆ ಮೊದಲ ಅನುಮಾನ 48ಕೆಯ ಆರಂಭದ ಭಾಗವಾದ ‘ಕೆಳಗಿನ’ 16ಕೆ ಮೆಮೊರಿಯ ಮೇಲೆ. ಪರದೆಯ ಚಿತ್ರವೂ ಇರುವುದು ಅಲ್ಲಿಯೇ. ಆದರೆ ಆ ಚಿಪ್‌ಗಳು ಯಾಕೆ ಹೋದವು ಎಂದು ಕೇಳದೆ ಹೊಸದು ಹಾಕಿದರೆ ಹೊಸವೂ ಹೋಗುತ್ತವೆ.

ಕಾರಣ ಇಲ್ಲಿದೆ. ಬೋರ್ಡಿನ ಮೇಲೆ ಐಸಿ6ರಿಂದ ಐಸಿ13ರವರೆಗೆ ಸಾಲಾಗಿ ಕೂತಿರುವ ಎಂಟು ಚಿಪ್‌ಗಳ ನಂಬರ್ 4116. ಒಂದೊಂದು ಬೈಟಿನ ಎಂಟು ಬಿಟ್‌ಗಳನ್ನು ಎಂಟೂ ಚಿಪ್ ಒಂದೊಂದರಂತೆ ಹಂಚಿಕೊಂಡಿವೆ. ಅದಕ್ಕೇ ಒಂದು ಕೆಟ್ಟರೂ ಇಡೀ ಪರದೆ ಕೆಡುತ್ತದೆ. ಈ ಕಾಲದ ಚಿಪ್‌ಗೆ ಒಂದೇ ವೋಲ್ಟೇಜ್ ಸಾಲದು: +5, +12 ಮತ್ತು −5, ಮೂರೂ ಬೇಕು. ಈ −5 ಚಿಪ್‌ನ ತಳದ ಸಿಲಿಕಾನನ್ನು ಹಿಡಿತದಲ್ಲಿಡುತ್ತದೆ. ಅದು ತಪ್ಪಿ +12 ಮಾತ್ರ ಉಳಿದರೆ ಚಿಪ್‌ನೊಳಗೆ ಮಿತಿಮೀರಿ ಕರೆಂಟ್ ಹರಿದು, ಬಿಸಿಯಾಗಿ ಸುಟ್ಟುಹೋಗುತ್ತದೆ.

ನಾನು ಇದನ್ನು ಕಲಿತದ್ದು ಕೈ ಸುಟ್ಟುಕೊಂಡೇ. ಎಷ್ಟೋ ವರ್ಷಗಳ ಹಿಂದೆ ವಿಜಯಪುರದಿಂದ ನನ್ನ ಟೇಬಲ್ಲಿಗೆ ಇಂಥದ್ದೇ ಒಂದು ಸ್ಪೆಕ್ಟ್ರಮ್ ಬಂತು. ಬಿಸಿಯಾಗುತ್ತಿದ್ದ ಮೂರು ಚಿಪ್ ತೆಗೆದು, ಜೋಪಾನವಾಗಿ ಇಟ್ಟುಕೊಂಡಿದ್ದ ಮೂರು ಒಳ್ಳೆಯ 4116 ಹಾಕಿ ಆನ್ ಮಾಡಿದೆ. ಅರ್ಧ ನಿಮಿಷದಲ್ಲಿ ಬೆರಳಿಡಲು ಆಗಲಿಲ್ಲ. ಮಲ್ಟಿಮೀಟರ್ ಹಿಡಿದಾಗ −5 ಇರಲೇ ಇಲ್ಲ. ಆ ಮೂರು ಚಿಪ್ ಇವತ್ತಿಗೂ ನೆನಪಾಗುತ್ತವೆ.

ಹಾಗಾಗಿ ನೀವು ಮಾಡಬೇಕಾದ್ದು ಹೀಗೆ. ಮೊದಲು ಅಡಾಪ್ಟರ್. ಸ್ಪೆಕ್ಟ್ರಮ್‌ಗೆ 9 ವೋಲ್ಟ್ ಡಿಸಿ ಬೇಕು, ಆದರೆ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಇವತ್ತು ಮನೆಯಲ್ಲಿ ಸಿಗುವ ಅಡಾಪ್ಟರ್‌ಗಳು ಬಹುತೇಕ ಇದಕ್ಕೆ ಉಲ್ಟಾ. ಅಂಥದ್ದನ್ನು ಒಮ್ಮೆಯಾದರೂ ಚುಚ್ಚಿದ್ದರೆ ಮುಚ್ಚಿಡದೆ ಮೆಕ್ಯಾನಿಕ್‌ಗೆ ಹೇಳಿ, ಅರ್ಧ ಕೆಲಸ ಉಳಿಯುತ್ತದೆ. ಕಾಕಾ ತಂದ ಮೂಲ ಅಡಾಪ್ಟರನ್ನು ಲೋಡ್ ಇಲ್ಲದೆ, ಅಂದರೆ ಕಂಪ್ಯೂಟರಿಗೆ ಚುಚ್ಚದೆ, ಅಳೆದರೆ 12–13 ವೋಲ್ಟ್ ತೋರಿಸಬಹುದು. ಗಾಬರಿ ಬೇಡ, ಅದು ರೆಗ್ಯುಲೇಟ್ ಆದದ್ದಲ್ಲ. ಒಳಗಿನ 7805 ಎಂಬ ರೆಗ್ಯುಲೇಟರ್ ಅದನ್ನು 5ಕ್ಕೆ ಇಳಿಸುತ್ತದೆ.

ಕೇಸ್ ಬಿಚ್ಚುವಾಗ ಕೀಬೋರ್ಡಿನಿಂದ ಬೋರ್ಡಿಗೆ ಬರುವ ಎರಡು ತೆಳು ಪಟ್ಟಿಗಳನ್ನು ನೆಟ್ಟಗೆ ಮೇಲೆತ್ತಿ ತೆಗೆಯಿರಿ. ನಲವತ್ತು ವರ್ಷದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಬೋರ್ಡ್ ಮುಟ್ಟುವ ಮೊದಲು ಅರ್ಥಿಂಗ್ ಇರುವ ಲೋಹ ಮುಟ್ಟಿ. ನಮ್ಮ ಕಡೆಯ ಒಣಹವೆಯಲ್ಲಿ ಮೈಮೇಲಿನ ಸ್ಟ್ಯಾಟಿಕ್ ಈ ಚಿಪ್‌ಗಳಿಗೆ ಒಳ್ಳೆಯದಲ್ಲ.

ಈಗ ಅಳತೆ. ಚಿಪ್‌ನ ಕಚ್ಚು ಮೇಲೆ ಬರುವಂತೆ ನೋಡಿದರೆ ಎಡಗಡೆ ಮೇಲಿನ ಕಾಲು 1, ಎಡಗಡೆ ಕೆಳಗಿನದು 8, ಅದರ ಎದುರಿನ ಬಲಗಡೆಯದು 9, ಬಲಗಡೆ ಮೇಲಿನದು 16. ಕರೆಂಟ್ ಇಲ್ಲದಿರುವಾಗಲೇ 8–16 ಮತ್ತು 1–16ರ ನಡುವೆ ಮೀಟರಿನಲ್ಲಿ ಓಮ್ಸ್, ಅಂದರೆ ರೆಸಿಸ್ಟೆನ್ಸ್, ನೋಡಿ. ಸೊನ್ನೆಯ ಹತ್ತಿರ ಬಂದರೆ ಯಾವುದೋ ಒಂದು ಚಿಪ್ ಅಥವಾ ಕೆಪಾಸಿಟರ್ ಶಾರ್ಟ್ ಆಗಿದೆ, ಅಲ್ಲಿಗೇ ನಿಲ್ಲಿಸಿ. ಶಾರ್ಟ್ ಇಲ್ಲದಿದ್ದರೆ ಕಪ್ಪು ಪ್ರೋಬನ್ನು 7805ರ ಲೋಹದ ಬೆನ್ನಿಗೆ ಹಿಡಿದು, ಕರೆಂಟ್ ಕೊಟ್ಟು, ಬೇಗ ಬೇಗ ಅಳೆಯಿರಿ: 9ರಲ್ಲಿ +5, 8ರಲ್ಲಿ +12, 1ರಲ್ಲಿ −5. ಪ್ರೋಬ್ ಜಾರಿ ಎರಡು ಕಾಲು ಕೂಡಬಾರದು.

+5 ಇದ್ದು ಉಳಿದೆರಡು ಸರಿಯಿಲ್ಲದಿದ್ದರೆ ಟಿಆರ್4 ಎಂಬ ಟ್ರಾನ್ಸಿಸ್ಟರ್ ಮೇಲೆ ಕಣ್ಣಿಡಿ. ಅದರ ನಂಬರ್ ಝಡ್‌ಟಿಎಕ್ಸ್650. ಪಕ್ಕದ ಕಾಯಿಲ್ ಜೊತೆ ಸೇರಿ ಈ ಎರಡೂ ವೋಲ್ಟೇಜ್ ಹುಟ್ಟಿಸುವುದು ಅದೇ, ಈ ಬೋರ್ಡಿನಲ್ಲಿ ಪದೇ ಪದೇ ಸಾಯುವುದೂ ಅದೇ. ಜೊತೆಗಿರುವ ಟಿಆರ್5, ಅಂದರೆ ಝಡ್‌ಟಿಎಕ್ಸ್213, ಕೂಡ ನೋಡಿ. ಕೆಲವೊಮ್ಮೆ ಇದು ಹಿಂದುಮುಂದಾಗಿರುತ್ತದೆ: ಮೊದಲು ಒಂದು 4116 ಶಾರ್ಟ್ ಆಗಿ, ಅದು ಟಿಆರ್4 ಅನ್ನು ಎಳೆದುಕೊಂಡು ಹೋಗಿರುತ್ತದೆ. ಅದಕ್ಕೇ ಓಮ್ಸ್ ಪರೀಕ್ಷೆ ಮೊದಲು ಅಂದದ್ದು.

ಮೂರೂ ವೋಲ್ಟೇಜ್ ಸರಿಯಾದ ಮೇಲೂ ಪಟ್ಟಿ ಹೋಗದಿದ್ದರೆ ಆಗ ಚಿಪ್ ಹುಡುಕೋಣ. ಒಂದು ನಿಮಿಷ ಬಿಟ್ಟು ಬೆರಳಿಟ್ಟು ನೋಡಿ, ಉಳಿದವಕ್ಕಿಂತ ಬಿಸಿಯಾದದ್ದು ಅನುಮಾನದ್ದು. ಅದನ್ನು ಇಡೀ ಕೀಳಲು ಹೋಗಬೇಡಿ, ಬೋರ್ಡಿನ ಪ್ರಿಂಟ್ ಎದ್ದು ಬರುತ್ತದೆ. ಚಿಪ್ ಹೇಗೂ ಸತ್ತಿದೆ, ಸಣ್ಣ ಕಟರ್‌ನಿಂದ ಹದಿನಾರೂ ಕಾಲು ಕತ್ತರಿಸಿ, ಒಂದೊಂದೇ ಕಾಲನ್ನು ಬಿಸಿ ಮಾಡಿ ಚಿಮುಟದಿಂದ ಎಳೆದು, ತೂತುಗಳನ್ನು ಸಕ್ಕರ್‌ನಿಂದ ಬಿಡಿಸಿ. 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಕು. ಅಲ್ಲಿ 16 ಕಾಲಿನ ಐಸಿ ಬೇಸ್ ಕೂರಿಸಿ ಹೊಸ ಚಿಪ್ ಹಾಕಿ. ಕೆಟ್ಟದ್ದನ್ನು ಮಾತ್ರ ಬದಲಿಸಿ. ಎಂಟೂ ಬದಲಿಸುವುದೆಂದರೆ 128 ತೂತು, ಅಷ್ಟು ಕಡೆ ಬೋರ್ಡಿಗೆ ಬಿಸಿ ತಾಗಿಸುವುದು ನನಗಂತೂ ಮನಸ್ಸಿಗೆ ಬರುವುದಿಲ್ಲ. ಅಳತೆಯ ಮೂರು ಅಂಕಿಗಳನ್ನು ಬರೆದು ಕಳಿಸಿ, ಮುಂದಿನದು ನೋಡೋಣ.

ಪ್ರಶ್ನೆ: ನನ್ನ ಸ್ಪೆಕ್ಟ್ರಮ್ ಸರಿಯಾಗಿ ಆನ್ ಆಗುತ್ತದೆ, ಆದರೆ ದೊಡ್ಡ ಗೇಮ್‌ಗಳು ಓಡುವುದಿಲ್ಲ. ಮೆಮೊರಿಯ ಕೊನೆಯ ವಿಳಾಸ ತಿಳಿಯಲು ‘ಪ್ರಿಂಟ್ ಪೀಕ್ 23732+256*ಪೀಕ್ 23733’ ಕೊಟ್ಟರೆ 32767 ಬರುತ್ತದೆ. ಮಾರಿದವರು 48ಕೆ ಎಂದಿದ್ದರು. ಮೋಸ ಹೋದೆನೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: 48ಕೆ ಆಗಿದ್ದರೆ 65535 ಬರಬೇಕು, 32767 ಎಂದರೆ ಅದಕ್ಕೆ 16ಕೆ ಮಾತ್ರ ಕಾಣುತ್ತಿದೆ. ಬಿಚ್ಚಿ ನೋಡು ತಮ್ಮಾ. ಉಳಿದ 32ಕೆ ಮೆಮೊರಿ ಕೂರುವ ಐಸಿ15ರಿಂದ 22ರವರೆಗಿನ ಜಾಗ ಖಾಲಿ ಇದ್ದರೆ ನಿಜಕ್ಕೂ 16ಕೆ ಮಾಡೆಲ್. ಚಿಪ್ ಇದ್ದರೆ ಮೋಸವಿಲ್ಲ, ರಿಪೇರಿ ಇದೆ.

ಪೋಕ್ 40000,255 ಕೊಟ್ಟು ಆ ವಿಳಾಸದಲ್ಲಿ 255 ಬರೆದು, ಪ್ರಿಂಟ್ ಪೀಕ್ 40000 ಕೊಟ್ಟು ಓದಿ ನೋಡು, 255ಏ ಬರಬೇಕು. 247 ಬಂತು ಅನ್ನು: ಎಂಟು ಕಡಿಮೆ, ಅಂದರೆ ಎಂಟರ ಬೆಲೆಯ ಡಿ3 ಬಿಟ್ ಹಿಡಿಯುತ್ತಿಲ್ಲ, ಆ ಗೆರೆಯ ಚಿಪ್ ಕೆಟ್ಟಿದೆ. ಆಮೇಲೆ 255ರ ಬದಲು 0 ಹಾಕಿಯೂ ನೋಡು, ಯಾವುದಾದರೂ ಬಿಟ್ 1ರಲ್ಲೇ ಸಿಕ್ಕಿಕೊಂಡಿದ್ದರೆ ಗೊತ್ತಾಗುತ್ತದೆ. ಎಲ್ಲ ಬಿಟ್‌ಗಳೂ ಅಡ್ಡಾದಿಡ್ಡಿ ಬಂದರೆ ಚಿಪ್ ಬಿಟ್ಟು, ಅವಕ್ಕೆ ವಿಳಾಸ ಮುಟ್ಟಿಸುವ ಪಕ್ಕದ 74ಎಲ್‌ಎಸ್157 ಐಸಿಗಳನ್ನು ಅನುಮಾನಿಸು.

ಈ ಎಂಟು ಚಿಪ್‌ಗಳ ಕಥೆ ನನಗೆ ಬಹಳ ಇಷ್ಟ. 4532 ಎಂಬ ನಂಬರಿನ ಇವು ಅಸಲಿಗೆ 64ಕೆ ಬಿಟ್‌ನ ಚಿಪ್‌ಗಳು, ತಯಾರಿಕೆಯಲ್ಲಿ ಅರ್ಧ ಭಾಗ ಕೆಟ್ಟಿದ್ದವು. ಎಸೆಯುವ ಬದಲು ಒಳ್ಳೆಯ ಅರ್ಧವನ್ನು 32ಕೆ ಬಿಟ್ ಎಂದು ಅಗ್ಗಕ್ಕೆ ಮಾರಿದರು, ಸಿಂಕ್ಲೇರ್ ಕೊಂಡಿತು. ಎಂಟರಲ್ಲೂ ಒಂದೇ ಕಡೆಯ ಅರ್ಧ ಒಳ್ಳೆಯದಿರಬೇಕು, ಯಾವ ಕಡೆ ಎಂದು ಬೋರ್ಡಿನ ಒಂದು ತಂತಿ ಲಿಂಕ್ ಹೇಳುತ್ತದೆ. ಇವಕ್ಕೆ +5 ಒಂದೇ ಸಾಕು, ಹಾಗಾಗಿ ಮೇಲಿನ −5ರ ಕಾಟವಿಲ್ಲ.

ಇನ್ನೊಂದು ಅನುಕೂಲ: 4532 ಹುಡುಕಬೇಕಿಲ್ಲ. ಪೂರ್ತಿ ಚೆನ್ನಾಗಿರುವ 4164 ಚಿಪ್ ಅದೇ ಜಾಗದಲ್ಲಿ ಹಾಗೆಯೇ ಕೂರುತ್ತದೆ, ಎರಡೂ ಅರ್ಧ ಒಳ್ಳೆಯದಿರುವುದರಿಂದ ಯಾವ ಲಿಂಕ್ ಇದ್ದರೂ ನಡೆಯುತ್ತದೆ. ಕೆಟ್ಟದ್ದೊಂದನ್ನೇ ಬದಲಿಸುವುದಾದರೆ ಲಿಂಕ್ ಮುಟ್ಟಬೇಡ, ಉಳಿದ ಏಳು ಹಳೆಯವು ಅದನ್ನೇ ನಂಬಿಕೊಂಡಿವೆ. ಹಾಗೆಯೇ 4164ನ್ನು ಕೆಳಗಿನ 16ಕೆಯ 4116 ಜಾಗಕ್ಕೆ ನೇರವಾಗಿ ಹಾಕಬೇಡ. ಅಲ್ಲಿ 8ನೇ ಕಾಲಿನಲ್ಲಿ +12 ಇರುತ್ತದೆ, 4164ಕ್ಕೆ ಅದೇ ಕಾಲಿನಲ್ಲಿ +5 ಬೇಕು.