ನನ್ನ ಪ್ಲಾಟ್‌ಫಾರ್ಮರ್ ಗೇಮ್ (ಓಡಿ, ಹಾರಿ ದಾಟುತ್ತಾ ಹೋಗುವ ಆಟ) ಆಡಿದವರು 'ಚಿತ್ರ ಚೆಂದ, ಆದರೆ ತುಂಬಾ ಕಷ್ಟ' ಅಂತ ಮೂರನೇ ಲೆವೆಲ್‌ಗೇ ಬಿಡ್ತಾರೆ. ಈಸಿ ಮೋಡ್ ಸೇರಿಸಲಾ, ಲೆವೆಲ್ ಕಡಿಮೆ ಮಾಡಲಾ?

ಎರಡೂ ಬೇಡ. ಮೊದಲು ಜಂಪ್ ನೋಡಿ.

ನಾನು ಶಿರಸಿ ಕಡೆಯವನು. ಕೊನೆಕೊಯ್ಲಿನ ದಿನ, ಅಂದರೆ ಅಡಿಕೆ ಗೊನೆ ಇಳಿಸುವ ದಿನ, ಮರ ಹತ್ತುವ ಕೊನೆಗೌಡರು ಅಡಿಕೆ ಮರದ ತುದಿಯಲ್ಲೇ ಇದ್ದು, ಮರವನ್ನು ತೂಗಿಸಿ, ಕೆಳಗಿಳಿಯದೆ ಪಕ್ಕದ ಮರಕ್ಕೆ ದಾಟುತ್ತಾರೆ. ಚಿಕ್ಕವನಿದ್ದಾಗಿಂದ ಕತ್ತೆತ್ತಿ ನೋಡಿದ್ದೇನೆ. ಗೇಮ್ ಮಾಡೋಣ ಅನ್ನಿಸಿದಾಗ ಬೇರೆ ಕಥೆ ಹುಡುಕಲೇ ಇಲ್ಲ. ಗೇಮ್ ಮಾಡುವ ತಂತ್ರಾಂಶ ಗೋಡೋ ಇಂಜಿನ್ ಪುಕ್ಕಟೆ ಸಿಗುತ್ತದೆ, ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಕೂತು ಎರಡು ವರ್ಷ ಮಾಡಿದೆ. ಮಳೆಗಾಲದ ತೋಟ, ಮಳೆ ತಾಗದಂತೆ ಕೊಟ್ಟೆ ಕಟ್ಟಿದ ಕೊನೆಗಳು, ಹಾಳೆ ಬೀಳುವ ಸದ್ದು ಎಲ್ಲ ಹಾಕಿದ್ದೆ. 48 ಲೆವೆಲ್.

ನನಗೂ ಎಲ್ಲರೂ ಚಿತ್ರ ಚೆಂದ ಅಂದರು. ಆ ಮಾತನ್ನು ನಿಮ್ಮ ಗೇಮ್‌ನ ಬಲ ಅಂತ ಬರೆದುಕೊಳ್ಳಬೇಡಿ. ಪರಿಚಯದವರು ಮೊದಲು ಹೇಳುವುದೇ ಅದು.

ನಿಜ ಹೇಳಿದ್ದು ಅಕ್ಕನ ಮಗ. ಹತ್ತು ವರ್ಷದವನು. ಎರಡನೇ ಲೆವೆಲ್‌ನಲ್ಲಿ ಒಂದೇ ಮರದಿಂದ ಎಂಟು ಸಲ ಬಿದ್ದ. ಆಮೇಲೆ ಕಂಟ್ರೋಲರ್ ಕೆಳಗಿಟ್ಟು, "ಮಾವಾ, ಆನು ಒತ್ತಿದ್ದಿ. ಅಂವ ಹಾರಿದ್ನಿಲ್ಲೆ" ಅಂದ. ನಾನು ಒತ್ತಿದೆ, ಅವನು ಹಾರಲಿಲ್ಲ. ನೀನು ತಡವಾಗಿ ಒತ್ತಿದೆ ಅಂತ ನಾನು ವಾದ ಮಾಡಿದೆ. ರೆಕಾರ್ಡಿಂಗ್ ಹಾಕಿ ತೋರಿಸಿಯೂ ಬಿಟ್ಟೆ. ಮೂರು ಫ್ರೇಮ್ ತಡ ಆಗಿತ್ತು. ಲೆಕ್ಕದಲ್ಲಿ ನಾನು ಸರಿ ಇದ್ದೆ.

ಫ್ರೇಮ್ ಅಂದರೆ ಪರದೆಯ ಮೇಲೆ ಬಂದು ಹೋಗುವ ಒಂದು ಚಿತ್ರ. ಮೂರು ಫ್ರೇಮ್ ಅಂದರೆ ಎಷ್ಟು? ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ 0.05 ಸೆಕೆಂಡ್. ಆಡುವವರಿಗೆ ಕಾಲು ಇನ್ನೂ ಅಂಚಿನ ಮೇಲೇ ಇದ್ದ ಹಾಗೆ ಕಾಣುತ್ತದೆ. ಕೋಡ್ ಮಾತ್ರ 'ನೆಲದ ಮೇಲಿದ್ದಾನಾ?' ಅಂತ ಕೇಳಿ, ಇಲ್ಲ ಅಂತ ಉತ್ತರ ಬಂದ ಕೂಡಲೇ ಬೀಳಿಸುತ್ತದೆ. ಬಿದ್ದವರು ತಮ್ಮ ತಪ್ಪು ಅಂದುಕೊಳ್ಳುವುದಿಲ್ಲ. ಗೇಮ್ ಮಾತು ಕೇಳ್ತಿಲ್ಲ ಅಂದುಕೊಳ್ಳುತ್ತಾರೆ. ಬಾಯಲ್ಲಿ ಹೇಳುವುದು ಮಾತ್ರ 'ತುಂಬಾ ಕಷ್ಟ' ಅಂತ.

ಇದಕ್ಕೆ ಮದ್ದು ಹಳೆಯದು. ಅಂಚು ದಾಟಿದ ಮೇಲೂ ಕೆಲವು ಫ್ರೇಮ್ ಹಾರಲು ಬಿಡುವುದು. ಅದನ್ನು ಕೊಯೋಟಿ ಟೈಮ್ ಅನ್ನುತ್ತಾರೆ. 2018ರಲ್ಲಿ ಬಂದ ಸೆಲೆಸ್ಟ್ ಎಷ್ಟು ಕಷ್ಟದ ಗೇಮ್ ಅಂತ ನಿಮಗೆ ಗೊತ್ತಿರಬಹುದು. ಅದರ ನಾಯಕಿಯ ಓಟ, ಜಂಪ್ ನಡೆಸುವ ಕೋಡ್ ಅನ್ನು ಮಾಡಿದವರೇ ಎಲ್ಲರೂ ಓದಲಿ ಅಂತ ಇಟ್ಟಿದ್ದಾರೆ. ಅದರಲ್ಲಿ ಈ ರಿಯಾಯಿತಿ 0.1 ಸೆಕೆಂಡ್, ಅಂದರೆ ಆರು ಫ್ರೇಮ್. ನೆಲ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಒತ್ತಿದರೂ ಅದನ್ನು ನೆನಪಿಟ್ಟು, ಮುಟ್ಟಿದ ತಕ್ಷಣ ಹಾರಿಸುತ್ತದೆ. ನೂರಾರು ಸಲ ಸತ್ತರೂ ಜನ ಅದನ್ನು ಬಿಡದೆ ಆಡುವುದಕ್ಕೆ ಇದು ದೊಡ್ಡ ಕಾರಣ.

ಇದೆಲ್ಲ ಬಿಡುಗಡೆಗೆ ಮುಂಚೆಯೇ ನನಗೆ ಗೊತ್ತಾಗಿತ್ತು. ನಾನು ಸೋತದ್ದು ಮುಂದಿನ ಹೆಜ್ಜೆಯಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ಗೇಮ್‌ನ ಕೊನೆಗೌಡ ಸೆಕೆಂಡಿಗೆ 10 ಟೈಲ್ ಓಡುತ್ತಿದ್ದ. ಟೈಲ್ ಅಂದರೆ ಲೆವೆಲ್ ಕಟ್ಟುವ ಒಂದು ಚೌಕ. ಹಾರಿದರೆ ಅರ್ಧ ಸೆಕೆಂಡ್ ಗಾಳಿಯಲ್ಲಿ ಇರುತ್ತಿದ್ದ. ಅಂದರೆ ಒಂದು ಜಂಪ್‌ಗೆ 5 ಟೈಲ್. 48 ಲೆವೆಲ್‌ಗಳ ಒಂದೊಂದು ಮರವನ್ನೂ ಈ ಐದರ ಲೆಕ್ಕದಲ್ಲೇ ನೆಟ್ಟಿದ್ದೆ. ಎರಡು ಮರದ ನಡುವೆ 5 ಇದ್ದರೆ ಕಷ್ಟದ ಜಂಪ್, 4 ಇದ್ದರೆ ಸುಲಭ, 6 ಇದ್ದರೆ ದಾರಿ ಇಲ್ಲ, ಮೇಲಿನಿಂದ ಸುತ್ತಿ ಬರಬೇಕು. ಆರು ಫ್ರೇಮ್ ರಿಯಾಯಿತಿ ಕೊಟ್ಟೆ ನೋಡಿ, ಆ 0.1 ಸೆಕೆಂಡಿನಲ್ಲಿ ಅವನು ಇನ್ನೊಂದು ಟೈಲ್ ಮುಂದೆ ಹೋಗಿಬಿಡುತ್ತಿದ್ದ. ಐದು ಆರಾಯಿತು. ದಾರಿ ಇಲ್ಲದ ಕಡೆಯೆಲ್ಲ ದಾರಿ ಆಯಿತು. ಒಂದು ಲೆವೆಲ್ ಅಂತೂ ಎರಡೇ ಜಂಪ್‌ಗೆ ಮುಗಿಯುತ್ತಿತ್ತು. ಎಲ್ಲ ಮರ ಕಿತ್ತು ಮತ್ತೆ ನೆಡಬೇಕು. ನನಗೆ ಧೈರ್ಯ ಬರಲಿಲ್ಲ. ಇಷ್ಟು ಆದ ಮೇಲೆ ಜಂಪ್ ಮುಟ್ಟುವುದು ಬೇಡ ಅಂತ ರಿಯಾಯಿತಿ ತೆಗೆದುಹಾಕಿ, ಹಳೆಯದನ್ನೇ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಹಾಕಿದೆ.

ಅಲ್ಲಿ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಮೊದಲ ತಿಂಗಳು ಮೂರರಲ್ಲಿ ಒಂದು ವಾಪಸ್ ಬಂತು. ಹೆಚ್ಚಿನವರು ಇಪ್ಪತ್ತು ನಿಮಿಷವೂ ಆಡಿರಲಿಲ್ಲ. ಕೊನೆಗೆ ಐದು ತಿಂಗಳು ಕೂತು ಎಲ್ಲ ಮರ ಮತ್ತೆ ನೆಟ್ಟೆ. 48ರಲ್ಲಿ 22 ಉಳಿಸಿದೆ. ಈಗ ಗೇಮ್ ಚೆನ್ನಾಗಿದೆ, ಅಕ್ಕನ ಮಗ ಪೂರ್ತಿ ಮುಗಿಸಿದ. ಆದರೆ ಅವತ್ತು ವಾಪಸ್ ಮಾಡಿದವರು ತಿರುಗಿ ಬರಲಿಲ್ಲ.

ಹಾಗಾಗಿ ನಿಮಗೆ ಹೇಳುವುದು ಇಷ್ಟೇ. ಹೊಸ ಲೆವೆಲ್ ಇವತ್ತೇ ನಿಲ್ಲಿಸಿ. ಬೂದು ಬಣ್ಣದ ಒಂದು ಕೋಣೆ ಮಾಡಿ, ನಾಲ್ಕು ಡಬ್ಬಿ ಇಡಿ. ಚಿತ್ರ ಬೇಡ, ಸಂಗೀತ ಬೇಡ. ಅಲ್ಲಿ ಸುಮ್ನೆ ಹತ್ತು ನಿಮಿಷ ಹಾರಾಡುವುದು ಖುಷಿ ಕೊಡದಿದ್ದರೆ ತೋಟ ಹಾಕಿದರೂ ಖುಷಿ ಬರುವುದಿಲ್ಲ. ಗೇಮ್ ನೋಡೇ ಇರದವರನ್ನು ಕೂರಿಸಿ. ನೀವು ಬಾಯಿ ತೆರೆಯಬೇಡಿ. ಅವರ ಬೆರಳು ನೋಡಿ. ಒತ್ತಿದರೂ ಹಾರದೇ ಇದ್ದದ್ದು ಎಷ್ಟು ಸಲ ಅಂತ ಬರೆದುಕೊಳ್ಳಿ. ಬಿದ್ದ ಮೇಲೆ ಮತ್ತೆ ಶುರುವಾಗಲು ಎಷ್ಟು ಹೊತ್ತು ಅಂತಲೂ ನೋಡಿ. ನನ್ನದರಲ್ಲಿ ಮೂರು ಸೆಕೆಂಡ್ ಇತ್ತು, ತುಂಬಾ ಜಾಸ್ತಿ. 2010ರ ಸೂಪರ್ ಮೀಟ್ ಬಾಯ್‌ನಲ್ಲಿ ಸತ್ತ ತಕ್ಷಣ ಮತ್ತೆ ಓಡುತ್ತಿರುತ್ತೀರಿ.

ಸಣ್ಣ ಪ್ಲಾಟ್‌ಫಾರ್ಮರ್‌ನ ಬಲ ಇರುವುದು ಒಂದೇ ಕೆಲಸದಲ್ಲಿ. ವಿವಿವಿವಿವಿವಿ ಅನ್ನುವ ಗೇಮ್‌ನಲ್ಲಿ ಜಂಪ್ ಕೂಡ ಇಲ್ಲ, ಮೇಲೆ ಕೆಳಗೆ ಬೀಳುವುದಷ್ಟೇ. ಆ ಒಂದರ ಮೇಲೇ ಇಡೀ ಗೇಮ್ ನಿಂತಿದೆ. ಆ ಒಂದು ಕೆಲಸ ಕೈಗೆ ಒಗ್ಗದಿದ್ದರೆ ಈಸಿ ಮೋಡ್ ಹಾಕಿ ಏನು ಮಾಡುತ್ತೀರಿ? ಸೆಲೆಸ್ಟ್‌ನಲ್ಲೂ ಆಟ ಸುಲಭ ಮಾಡಿಕೊಳ್ಳುವ ಅಸಿಸ್ಟ್ ಮೋಡ್ ಇದೆ, ಇರಲಿ. ಆದರೆ ಅದು ಸರಿಯಾದ ಜಂಪ್‌ನ ಮೇಲೆ ಕೂತಿದೆ.

ನಿಮ್ಮ ಓಟದ ವೇಗ, ಜಂಪ್‌ನ ಎತ್ತರ, ಗಾಳಿಯಲ್ಲಿ ಇರುವ ಹೊತ್ತು ಈ ಮೂರನ್ನು ಇಲ್ಲೇ ಕೆಳಗೆ ಬರೆಯಿರಿ. ಆರು ಫ್ರೇಮ್ ಸೇರಿಸಿದರೆ ಯಾವ ಲೆವೆಲ್ ಕೆಡಬಹುದು ಅಂತ ಕೂತು ಲೆಕ್ಕ ಹಾಕಿ ಹೇಳುತ್ತೇನೆ.